ಅಮೃತವ್ವನ ತಾಳಿಯ ಗುಂಡು

ಹೇಮಪ್ಪನ ಹೆಂಡತಿ ಅಮೃತವ್ವ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಅವನ ಮಗ್ಗವೊಂದೇ ಸದ್ದಿಲ್ಲದೆ ಕುಳಿತಿತ್ತು. ಕಂಡಿಕೆಗೆ ನೂಲು ಸುತ್ತಿಕೊಡುವ ಕೈ ಹೋದ ಮೇಲೆ ನೇಯುವ ಮನಸ್ಸಾದರೂ ಎಲ್ಲಿಯದು? ಶಿರಹಟ್ಟಿಯ ಫಕೀರೇಶನಿಗೆ ಕೈಮುಗಿದು, ‘ನೀ ಕೊಟ್ಟಿ, ನೀ ಒಯ್ದಿ’ ಎಂದು ಸುಮ್ಮನಿರುವುದನ್ನು ಅವನು ಕಲಿಯುತ್ತಿದ್ದ. ಅಷ್ಟರಲ್ಲಿ ಕಸ್ತೂರೆವ್ವನ ಸಂಬಂಧ ಬಂತು. ಲಕ್ಷ್ಮೇಶ್ವರದ ಕಡೆಯವಳು, ವಿಧವೆ, ಮಕ್ಕಳಿಲ್ಲ. ಇದೇ ಓಣಿಯಲ್ಲಿ ತಮ್ಮನ ಮನೆಯಲ್ಲಿದ್ದು ಕೂಲಿಗೆ ಕಂಡಿಕೆ ಸುತ್ತುತ್ತಿದ್ದಳು. ಬರುವ ಸೋಮವಾರ ಗುಡಿಯಲ್ಲಿ ಮಾಲೆ ಹಾಕಿಕೊಳ್ಳುವುದೆಂದು ಮಾತಾಗಿತ್ತು.

ಮುಂಡರಗಿಗೆ ಕೊಟ್ಟಿದ್ದ ಮಗಳು ಮಮತಾ ಇದಕ್ಕೆ ಬೇಡವೆಂದಿರಲಿಲ್ಲ. ಆದರೆ ಬುಧವಾರ ಫೋನಿನಲ್ಲಿ ಹೇಮಪ್ಪ ಬಾಯಿ ಬಿಟ್ಟ: “ಕಸ್ತೂರೆವ್ವ ನಿಮ್ಮವ್ವನ ತಾಳ್ಯಾಗಿನ ಬಂಗಾರದ ಗುಂಡು ಕೇಳ್ಯಾಳ.” ಮಮತಾ ಮರುದಿನ ಮೊದಲ ಬಸ್ಸಿಗೇ ಬಂದಿಳಿದಳು. ಬಂದವಳು ನೀರನ್ನೂ ಕುಡಿಯದೆ ಅವ್ವನ ಟ್ರಂಕಿನ ಮೇಲೆ ಕುಳಿತಳು.

“ಅಪ್ಪಾ, ಇಂಥಾಕಿಗೆ ಗೋಲ್ಡ್ ಡಿಗ್ಗರ್ ಅಂತಾರ.”

“ಹಂಗಂದ್ರ?”

“ರೊಕ್ಕ, ಬಂಗಾರ ನೋಡಿ ಗಂಡಸರಿಗೆ ಗಂಟು ಬೀಳಾಕಿ.”

ಹೇಮಪ್ಪ ಮಗಳ ಎದುರಿಗೆ ಕುಳಿತ. “ನಿಮ್ಮವ್ವನ್ನ ನೋಡಾಕ ಹೋದಾಗ ನಮ್ಮಪ್ಪ ಐದು ತೊಲಿ ಬಂಗಾರ ಕೇಳಿದ್ದ. ನಾ ಬಾಜೂಕ ಕುಂತು ಉಪ್ಪಿಟ್ಟು ತಿನ್ನಾಕತ್ತಿದ್ದೆ. ಆಗ ನಮಗ ಯಾರೂ ಈ ಹೆಸರಿಡ್ಲಿಲ್ಲಲ್ಲವ್ವಾ.”

“ಅದು ರೂಢಿ, ಅಪ್ಪಾ.”

“ಹೌದು. ಗಂಡಸರು ಕೇಳಿದ್ರ ರೂಢಿ.”

ಹಾಗೆಂದನೇ ಹೊರತು ಅವನ ಎದೆಯಲ್ಲೂ ಮುಳ್ಳು ಆಡುತ್ತಿತ್ತು. ಗುಂಡು ಯಾಕೆ ಬೇಕೆಂದು ಕಸ್ತೂರೆವ್ವನನ್ನು ಕೇಳಲು ಅವನಿಗೆ ಸಂಕೋಚವಾಗಿತ್ತು. ಮಗಳ ಮಾತು ಖರೆಯಾದರೆ ಸೋಮವಾರದ ಮಾತು ಮುಗಿದಂತೆ. ಉಳಿದ ಆಯುಷ್ಯ ಈ ಮೂಕ ಮಗ್ಗದ ಎದುರಿಗೇ.

ಆ ಹೊತ್ತಿಗೆ ಕಂಡಿಕೆಯ ಬುಟ್ಟಿ ಹೊತ್ತು ಕಸ್ತೂರೆವ್ವ ಬಾಗಿಲಿಗೆ ಬಂದಳು.

“ಬರ್ರಿ,” ಎಂದಳು ಮಮತಾ, “ಗುಂಡು ಒಯ್ಯಾಕ ಬಂದ್ರೇನು? ನಿಮ್ಮಂಥಾರಿಗೆ ಒಂದು ಹೆಸರೈತಿ.”

“ಗೊತ್ತೈತವ್ವಾ. ನನ್ನ ತಮ್ಮನ ಹೆಂಡ್ತಿ ಮೊಬೈಲ್ ನೋಡಿ ಕಲ್ತಾಳ, ನಾಕು ದಿನದಿಂದ ಅದನ್ನ ಹಾಡಾಕತ್ಯಾಳ. ಆದ್ರ ಬಂಗಾರದ ಆಸಿಗೆ ಬರಾಕಿ ಈ ಮನಿಗೆ ಯಾಕ ಬರ್ಲಿ? ಮಳಿ ಬಂದ್ರ ಮಾಳಿಗಿ ಸೋರತೈತಿ.”

ಹೇಮಪ್ಪನಿಗೆ ನಗು ಬಂತು; ಮಗಳ ಮುಖ ನೋಡಿ ನುಂಗಿಕೊಂಡ.

ಕಸ್ತೂರೆವ್ವ ಬುಟ್ಟಿ ಇಳಿಸಿ ಸೆರಗಿನ ಗಂಟು ಬಿಚ್ಚಿದಳು. ಉಗುರಗಲದ ಬೆಳ್ಳಿಯ ತಗಡು. ಅದರಲ್ಲಿ ಒಬ್ಬ ಹೆಂಗಸಿನ ರೂಪ ಕೊರೆದಿತ್ತು.

“ಎರಡನೇ ಸಂಬಂಧದಾಕಿ ಮೊದಲಿನಾಕಿನ್ನ ಕೊರಳಾಗ ಕಟ್ಕೊಂಡ ಒಳಗ ಬರಬೇಕು. ನಮ್ಮ ಕಡೆ ಹಂಗ. ಬೆಳ್ಳಿ ನನ್ನ ಕಾಲುಂಗರದ್ದು. ಆಕಿ ಮೈಮ್ಯಾಲಿನ ಬಂಗಾರ ಸಾಸಿವಿಯಷ್ಟರ ಕೂಡಬೇಕು. ಇಲ್ಲಾಂದ್ರ ಅದು ಬರೇ ತಗಡು. ಗುಂಡಿನ ಮೈ ಒಂದೀಟು ಕೆರದ್ರ ಸಾಕು. ಗುಂಡು ನಿಂದ, ನಿನಗ ಇರ್ಲಿ.”

ಅಜ್ಜಿಯ ಕಾಲದಲ್ಲಿ ಕಂಡಿದ್ದ ಈ ಪದ್ಧತಿಯನ್ನು ಹೇಮಪ್ಪ ಮರೆತೇಬಿಟ್ಟಿದ್ದ. ಅವನ ಕಣ್ಣು ತುಂಬಿತು. ಹೋದವಳನ್ನು ಹೊರಗೆ ನಿಲ್ಲಿಸಿ ಬರುವವಳಲ್ಲ ಇವಳು.

ಮಮತಾ ತಗಡನ್ನು ಬೆಳಕಿಗೆ ಹಿಡಿದಳು.

“ರೂಪ ಕೊರ್ದ ಪತ್ತಾರ ಮೂಗು ದಪ್ಪ ಮಾಡಿಬಿಟ್ಟ,” ಎಂದಳು ಕಸ್ತೂರೆವ್ವ, ತಪ್ಪು ತನ್ನದೇ ಎನ್ನುವಂತೆ. “ನಾ ಆಕಿನ್ನ ದೂರದಿಂದ ಅಷ್ಟ ನೋಡಿದ್ದೆ. ಹೇಳಾಕ ಬರ್ಲಿಲ್ಲ.”

“ಅವ್ವನ ಮೂಗು ಹಿಂಗ ಇತ್ತು,” ಎಂದಳು ಮಮತಾ. ತಗಡಿನ ಮೇಲೆ ಬೆರಳಾಡಿಸಿದಳು. “ಅದಕ್ಕ ಅಪ್ಪ ಆಕಿನ್ನ ದಿನಾ ಕಾಡಸ್ತಿದ್ದ.”

“ಎಲ್ಲಿ ದಿನಾ? ಯಾವಾಗರ ಒಮ್ಮೆ,” ಎಂದ ಹೇಮಪ್ಪ.

ಮಮತಾ ಟ್ರಂಕಿನಿಂದ ಎದ್ದು ಮುಚ್ಚಳ ತೆಗೆದಳು. ಅರಿಶಿನದ ಬಟ್ಟೆಯಲ್ಲಿದ್ದ ಎರಡು ಗುಂಡುಗಳಲ್ಲಿ ಒಂದನ್ನು ಕಸ್ತೂರೆವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಕೆರಿಯೂದು ಬ್ಯಾಡ. ಇಡೀದನ್ನ ಕೂಡಿಸಲಿ. ಪತ್ತಾರ ಅಂಗಡಿ ತಗಿಯೂ ಹೊತ್ತಾತು, ನಡೀರಿ, ನಾನೂ ಬರ್ತೀನಿ.”

“ನಾನೂ ಬರ್ಲ್ಯಾ?” ಎಂದ ಹೇಮಪ್ಪ, ಚಪ್ಪಲಿ ಹುಡುಕುತ್ತ.

“ನೀ ಯಾಕ? ಬುಟ್ಟಿ ತುಂಬ ಕಂಡಿಕಿ ಬಂದಾವ, ಕುಂತು ನೇಯಿ. ಚಿಕ್ಕವ್ವಾ, ನಡೀರಿ.”

ಇಬ್ಬರೂ ಓಣಿಗಿಳಿದರು. ಹೇಮಪ್ಪ ಮಗ್ಗದ ಧೂಳು ಒರೆಸಿ ಅದರ ಕೆಳಗಿನ ಗುಣಿಯಲ್ಲಿ ಕಾಲಿಳಿಸಿ ಕುಳಿತ. ಸೋಮವಾರಕ್ಕೆ ಇನ್ನು ನಾಲ್ಕೇ ದಿನ.