ಹೊರಡುವ ದಿನದ ತೂಕ

೨೦೧೭ರ ಜೂನ್ ೧೧, ಭಾನುವಾರ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ತಕ್ಕಡಿಯಕ್ಕ ಅಂಗಡಿಯ ದೊಡ್ಡ ತಕ್ಕಡಿಯ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ದಂಡದ ಮೇಲಿನ ಗುಂಡನ್ನು ಸೊನ್ನೆಗೆ ತಂದಳು. ಹನ್ನೊಂದಕ್ಕೆ ಕಾರು ಬರುವುದಿತ್ತು. ತಮ್ಮ, ತಮ್ಮನ ಹೆಂಡತಿ, ಜೊತೆಗೆ ತಕ್ಕಡಿಯಕ್ಕನ ಸ್ವಂತ ಮಗಳು ಅದರಲ್ಲಿ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ಮಗಳು ಹೊರಡುತ್ತಾಳೋ ಇಲ್ಲವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಅದು ಗೊತ್ತಿದ್ದದ್ದು ತಾಯಿ ಮಗಳಿಬ್ಬರಿಗೇ.

ತಕ್ಕಡಿ ರಿಪೇರಿ ಅಪ್ಪನಿಂದ ಬಂದ ಕಸುಬು. ದೂರ ಹೊರಟವರನ್ನು ಹಲಗೆ ಹತ್ತಿಸಿ ತೂಕವನ್ನು ಬೀದಿಗೆಲ್ಲ ಕೇಳುವಂತೆ ಕೂಗುವ ರೂಢಿಯೂ ಅಪ್ಪನದೇ. ಎರಡು ವರ್ಷದ ಹಿಂದೆ, ಹದಿಮೂರರ ಮಗಳನ್ನು ಓದಲೆಂದು ತಮ್ಮನ ಜೊತೆ ಪರದೇಶಕ್ಕೆ ಕಳಿಸುವಾಗ, ಅವಳು ನಲವತ್ತೆರಡೂವರೆ ಕಿಲೋ ಎಂದು ಕೂಗಿದ್ದಳು. ಎದುರು ಅಂಗಡಿಯ ದರ್ಜಿಯಮ್ಮ ಹೊಲಿಗೆ ನಿಲ್ಲಿಸಿ, "ಹೆತ್ತ ಕೂಸನ್ನ ಪಾರ್ಸಲ್ ಮಾಡ್ತಾ ಇದೀಯಲ್ಲೇ" ಎಂದಿದ್ದಳು. ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಅಂದಿನಿಂದ ಮಗಳ ಪರದೇಶದ ಸುಖವನ್ನು ದರ್ಜಿಯಮ್ಮನ ಕಿವಿಗೆ ಹಾಕದ ವಾರವಿರಲಿಲ್ಲ.

ಈಗ ರಜೆಗೆಂದು ಬಂದ ಮಗಳು ವಾರವಿಡೀ ದರ್ಜಿಯಮ್ಮನ ಮುಂದೆ ಎರಡು ಮನೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಳು. "ಅಲ್ಲಿ ನಲ್ಲೀಲಿ ಯಾವಾಗ್ಲೂ ಬಿಸಿನೀರು ಬರುತ್ತೆ ಅಜ್ಜಿ. ಇಲ್ಲಿ ಬಕೆಟ್ ಮುಂದೆ ಕಾಯ್ಬೇಕು." "ಅಲ್ಲಿ ನನಗೇ ಅಂತ ಒಂದು ರೂಮಿದೆ." ದರ್ಜಿಯಮ್ಮನ ಮುಖ ಸಣ್ಣಗಾದಾಗಲೆಲ್ಲ ತಕ್ಕಡಿಯಕ್ಕನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಮಗಳು ಎಲ್ಲರಿಗಿಂತ ಮೊದಲೆದ್ದು ಯಾರೂ ಹೇಳದೆಯೇ ಪಾತ್ರೆ ತಿಕ್ಕುತ್ತಿದ್ದಳು. ಎರಡನೇ ಸಲ ಅನ್ನಕ್ಕೆ ಕೈಹಾಕುವ ಮುನ್ನ, "ತಗೊಳ್ಳಲಾ?" ಎಂದು ಹೆತ್ತ ತಾಯಿಯನ್ನೇ ಕೇಳುತ್ತಿದ್ದಳು. ಇದನ್ನೂ ತಕ್ಕಡಿಯಕ್ಕ ನೋಡಿದ್ದಳು, ನೋಡಿ ಪಕ್ಕಕ್ಕಿಟ್ಟಿದ್ದಳು.

ನಿನ್ನೆ ಸಂಜೆ ಬಟ್ಟೆ ಮಡಿಚುವಾಗ ಮಗಳು ತಲೆಯೆತ್ತದೆ ಕೇಳಿದಳು.

"ಅಮ್ಮ, ನಾನು ವಾಪಸ್ ಹೋಗ್ದಿದ್ರೆ ಏನಾಗುತ್ತೆ?"

"ಯಾಕೆ? ಅಲ್ಲೇನು ಕಮ್ಮಿಯಾಗಿದೆ ನಿಂಗೆ?"

"ರೂಮು ಅಂದ್ನಲ್ಲ, ಅದು ಬಟ್ಟೆ ಒಗೆಯೋ ಮಷೀನಿಂದು. ಅದರ ಪಕ್ಕ ನನ್ನ ಹಾಸಿಗೆ. ಎಲ್ರ ಬಟ್ಟೇನೂ ನಾನೇ ಒಗೀತೀನಿ. ಅತ್ತೆ ಏನೂ ಹೊಡಿಯಲ್ಲ. ಊಟ ಆದ್ಮೇಲೆ ಫ್ರಿಜ್ಜಿಗೆ ಬೀಗ ಹಾಕ್ತಾರೆ, ಅಷ್ಟೆ."

"ಎಲ್ಲರ ಮನೇಲೂ ಕೆಲ್ಸ ಇರುತ್ತೆ. ಮೈಗಳ್ಳತನಕ್ಕೆ ಕತೆ ಕಟ್ಬೇಡ."

ಮಗಳು ಕೈಯಲ್ಲಿದ್ದ ಅಂಗಿಯ ಮಡಿಕೆ ಸರಿಮಾಡಿದಳು. "ಸರಿ. ನಾಳೆ ತೂಗ್ತೀಯಲ್ಲ. ಹೋದಾಗಿನ ತೂಕಕ್ಕಿಂತ ಕಮ್ಮಿ ಬಂದ್ರೆ ಇಲ್ಲೇ ಇರ್ತೀನಿ. ಜಾಸ್ತಿ ಬಂದ್ರೆ ಬಾಯಿ ಮುಚ್ಕೊಂಡು ಹೋಗ್ತೀನಿ."

"ಆಗ್ಲಿ" ಎಂದಳು ತಕ್ಕಡಿಯಕ್ಕ. ತಕ್ಕಡಿಯ ಮೇಲೆ ಬಿಟ್ಟ ಮಾತಿಗೆ ಅವಳು ಬೇರೇನೂ ಹೇಳುವಂತಿರಲಿಲ್ಲ.

ಅವಳು ಯಾರಿಗೂ ಹೇಳದ ಇನ್ನೊಂದು ವಿಷಯವಿತ್ತು. ಒಬ್ಬಳೇ ಇರುವುದು ಅವಳಿಗೆ ಒಗ್ಗಿಹೋಗಿತ್ತು. ಹಸಿವಾದಾಗ ಅಡುಗೆ, ಬೇಕೆಂದಾಗ ನಿದ್ದೆ, ಮಗಳ ಮಂಚದ ಜಾಗದಲ್ಲಿ ರಿಪೇರಿಗೆ ಬಂದ ತಕ್ಕಡಿಗಳ ಸಾಲು.

ಈಗ ಎಲ್ಲರೂ ಅಂಗಡಿಯಲ್ಲಿ ಸೇರಿದರು. ದರ್ಜಿಯಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು. ಮಗಳು ಚಪ್ಪಲಿ ಬಿಟ್ಟು, ಬೀದಿಗೆ ಮುಖಮಾಡಿ, ದಂಡಕ್ಕೆ ಬೆನ್ನುಹಾಕಿ ಹಲಗೆ ಹತ್ತಿದಳು.

"ಏನೇ, ನಿನ್ನ ಪಾರ್ಸಲ್ಲು ದಾರೀಲಿ ಸೋರಿಹೋದಂಗಿದೆಯಲ್ಲೇ" ಎಂದಳು ದರ್ಜಿಯಮ್ಮ. "ಜಡೆ ಒಂದು ಬಿಟ್ರೆ ಮೈಯಲ್ಲಿ ಇನ್ನೇನಿದೆ?"

"ಅಲ್ಲಿ ಹುಡುಗೀರೆಲ್ಲ ತೆಳ್ಳಗೇ ಇರೋದು" ಎಂದು ತಮ್ಮನ ಹೆಂಡತಿ ನಕ್ಕಳು.

"ಬೇಗ ಅಕ್ಕ" ಎಂದ ತಮ್ಮ, ಫೋನಿನಿಂದ ಕಣ್ಣೆತ್ತದೆ.

ತಕ್ಕಡಿಯಕ್ಕ ದಂಡವನ್ನು ಅಲುಗದಂತೆ ಹಿಡಿದಿಡುವ ಕೊಕ್ಕೆ ಬಿಚ್ಚಿದಳು. ದಂಡ ತೂಗಾಡಿತು. ಜಾರುವ ಗುಂಡನ್ನು ದಂಡದ ಹಲ್ಲಿನಿಂದ ಹಲ್ಲಿಗೆ ಸರಿಸಿದಳು. ದಂಡ ನಡುಗಿ, ನಿಧಾನಿಸಿ, ಸಮನಾಗಿ ನಿಂತಿತು. ಅವಳು ಓದಿದಳು. ಇನ್ನೊಮ್ಮೆ ಓದಿದಳು. ದರ್ಜಿಯಮ್ಮ ಹತ್ತಿರ ಬರುವ ಹೆಜ್ಜೆ ಕೇಳಿತು. ಚಟ್ಟನೆ ಕೊಕ್ಕೆ ಹಾಕಿ, ಅಲುಗಾಡದ ದಂಡದ ಮೇಲೆ ಗುಂಡನ್ನು ಕಟಕಟನೆ ಮುಂದಕ್ಕೆ ತಳ್ಳಿದಳು.

ಬೆನ್ನುಹಾಕಿ ನಿಂತಿದ್ದ ಮಗಳು ಕತ್ತನ್ನು ಅರ್ಧಕ್ಕೆ ತಿರುಗಿಸಿದಳು. ಅವಳು ಆ ತಕ್ಕಡಿಯ ಬುಡದಲ್ಲೇ ಆಡಿ ಬೆಳೆದವಳು. ಕೊಕ್ಕೆ ಹಾಕಿದ ದಂಡದ ಮೇಲೆ ಗುಂಡು ಸರಿಯುವ ಸದ್ದೇ ಬೇರೆ.

"ನಲವತ್ತಾರು ಕಿಲೋ ಇನ್ನೂರು" ಎಂದು ಕೂಗಿದಳು ತಕ್ಕಡಿಯಕ್ಕ.

ದರ್ಜಿಯಮ್ಮ ಇಣುಕಿ ನೋಡಿದಳು. ಗುಂಡು ಅಲ್ಲೇ ಇತ್ತು. ಕೊರಳ ಟೇಪನ್ನು ಸುತ್ತಿಕೊಳ್ಳುತ್ತ ಹಿಂದೆ ಸರಿದಳು.

"ನೋಡಿದ್ರಾ? ಉಪವಾಸ ಕೆಡವಿದೀವಾ ನಾವು?" ಎಂದಳು ತಮ್ಮನ ಹೆಂಡತಿ.

ಮಗಳು ಇಳಿದು ತಾಯಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಕೊಕ್ಕೆ ಬಿಚ್ಚಿ ಇನ್ನೊಂದ್ಸಲ ನೋಡ್ತೀಯಾ ಅಮ್ಮ?"

"ನನ್ನ ತಕ್ಕಡಿ ಮೇಲೇ ಅನುಮಾನವಾ? ಚಪ್ಪಲಿ ಹಾಕ್ಕೋ. ಕಾರು ಬಂತು."

ಮಗಳು ಚಪ್ಪಲಿ ಹಾಕಿಕೊಂಡಳು. ಕಾರಿನ ಬಾಗಿಲಲ್ಲಿ ನಿಂತು, ತಾಯಿಯನ್ನು ಬಿಟ್ಟು ದರ್ಜಿಯಮ್ಮನಿಗೆ ಹೇಳಿದಳು. "ಅಲ್ಲಿ ಬಿಸಿನೀರು ಯಾವಾಗ್ಲೂ ಬರುತ್ತೆ ಅಜ್ಜಿ."

ಕಾರು ತಿರುವು ದಾಟಿತು. ತಕ್ಕಡಿಯಕ್ಕ ಹಲಗೆಯ ಮೇಲಿನ ಪಾದದ ಗುರುತನ್ನು ಒರೆಸಿ, ಗುಂಡನ್ನು ಸೊನ್ನೆಗೆ ಎಳೆದಳು. ಕೊಕ್ಕೆ ಹಾಕುವ ಮೊದಲು ದಂಡ ಸಮನಾಗಿ ನಿಂತಿದ್ದದ್ದು ಮೂವತ್ತೊಂಬತ್ತು ಕಿಲೋ ಎಂಟುನೂರು ಗ್ರಾಂಗೆ.