ಬಿಸಿ ನೆಲದ ಮೇಲೆ ಗಂಗಿಯ ಮೀನು

ಯಾರದು, ರೋಷನನಾ "ಅಜ್ಜನ ತಲೆ ಕೆಟ್ಟಿದೆ, ನೆಲ ಎಲ್ಲಾದ್ರೂ ಉರೀತದಾ" ಅಂತ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು? ಏ ಪೋರ, ನೀನು ಹುಟ್ಟೂಕೆ ಮುಂಚೆ ನಾನು ಧನಬಾದದಲ್ಲಿ ಅನ್ನ ತಿಂದವ. ಬಾಯಿ ಮುಚ್ಚಿ ಕೇಳು.

ಸಮುದ್ರದ ಬದಿಯ ಚೆಂಡಿಯಾದ ನಮ್ಮ ಮನೆ-ಜಾಗ ನೌಕಾನೆಲೆಗೆ ಅಂತ ನೇವಿಗೆ ಹೋಯ್ತಲ್ಲ, ಆಗ ನಾನು ದೋಣಿ ಇಂಜಿನ್ ರಿಪೇರಿ ಮಾಡ್ತಿದ್ದೆ. ಧನಬಾದದ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತುವ ಪಂಪಿಗೆ ಜನ ಬೇಕು ಅಂತ ಒಬ್ಬ ಕಂತ್ರಾಟುದಾರ ಕರೆದ. ಹೊರಟೆ. ನಿನ್ನ ಅಜ್ಜಿ ಗಂಗಿಯೂ ಬಂದಳು, ಮುಖ ಊದಿಸಿಕೊಂಡು.

ಎಂಥಾ ಊರು ಮಾರಾಯ ಅದು! ಬ್ರಿಟಿಷರ ಕಾಲದಿಂದ ಕಲ್ಲಿದ್ದಲು ಅಗೆದು ಅಗೆದೇ ಬೆಳೆದ ಪೇಟೆ. ಸೈಕಲ್ಲಿಗೆ ಮೂಟೆ ಮೂಟೆ ಕಲ್ಲಿದ್ದಲು ಕಟ್ಟಿ, ತಾವು ಕೂರಲು ಜಾಗವಿಲ್ಲದೆ ನೂಕಿಕೊಂಡು ಹೋಗುವವರು. ಸಂಜೆಯಾದರೆ ಬಾಗಿಲು ಬಾಗಿಲ ಮುಂದೆ ಇದ್ದಲ ಒಲೆ, ಓಣಿಯಿಡೀ ಹೊಗೆ. ಬಿಹಾರದವರು, ಬಂಗಾಲದವರು, ಸಂತಾಲರು, ತೆಲುಗರು. ಭಾಷೆ ಬೇರೆಬೇರೆ, ಕೆಮ್ಮು ಮಾತ್ರ ಒಂದೇ.

ಸಮುದ್ರ ಮಾತ್ರ ಇಲ್ಲ. "ಮಳೆಗಾಲಕ್ಕೆ ಒಂದು ತುಂಡು ಒಣಮೀನಿಲ್ಲದ ಊರಲ್ಲಿ ನಾ ಇರೂದಿಲ್ಲ, ಟಿಕೇಟು ತೆಗೀರಿ" ಅಂದಳು ಗಂಗಿ. ಎಲ್ಲಿಗೆ ತೆಗೆಯೂದು? ಮನೆಯೇ ಹೋಗಿತ್ತು. ಅವಳು ಹೊರಟರೆ ನಾನೂ ಕೆಲಸ ಬಿಡಬೇಕು.

ಕೊನೆಗೆ ಅವಳೇ ಕೆರೆಮೀನು ತಂದು ಉಪ್ಪು ಹಾಕಿದಳು. ಮಳೆಯಲ್ಲಿ ಒಣಗೂದೆಲ್ಲಿ? ಆದರೆ ಓಣಿಯ ಹಿಂದಿನ ಬಯಲಲ್ಲಿ ಮಳೆ ನಿಂತ ಕೂಡಲೇ ನೆಲ ಒಣಗೂದು ಕಂಡಳು. ಕೈಯಿಟ್ಟರೆ ಬೆಚ್ಚಗೆ, ನಮ್ಮ ಕೇಣಿ ಕಡಲತೀರದ ಮಧ್ಯಾಹ್ನದ ಮರಳಿನ ಹಾಗೆ. ಚಾಪೆ ಹಾಸಿ, ಮೀನು ಹರಡಿ, ಕಾಗೆ ಓಡಿಸುತ್ತಾ ಕೂತೇಬಿಟ್ಟಳು! ಅಲ್ಲಿ ನೆಲದೊಳಗೆ ವರ್ಷಗಟ್ಟಲೆ ಕಲ್ಲಿದ್ದಲು ಉರೀತದೆ, ನೆಲ ಕುಸೀತದೆ ಅಂತ ಕರಾವಳಿಯವಳಿಗೆ ಹೇಗೆ ಗೊತ್ತಿರ್ತದೆ?

ಪಕ್ಕದ ಮನೆಯ ಫೂಲಮತಿ ಕಂಡವಳೇ ಓಡಿಹೋಗಿ, ತುರುಬು ಹಿಡಿದು ಎಳೆದಳಂತೆ. ಇಬ್ಬರೂ ಬಿದ್ದರು. ಚಾಪೆಯ ಅಂಚು ಬಿರುಕಿನೊಳಗೆ ಇಳಿದುಹೋಯ್ತು, ಅರ್ಧ ಮೀನಿನ ಸಮೇತ. ಗಂಗಿ ಅತ್ತದ್ದು ಜೀವಕ್ಕಲ್ಲ, ಮೀನಿಗೆ.

ಸುದ್ದಿ ಕೇಳಿ, ಅವಳು ಗಂಟು ಕಟ್ಟಿರ್ತಾಳೆ ಅಂತ ಹೆದರುತ್ತಲೇ ಮನೆಗೆ ಬಂದೆ. ನೋಡಿದರೆ ಉಳಿದ ಮೀನು ಓಣಿಯ ಒಲೆಒಲೆಯ ಮೇಲೂ ತಂತಿಗೆ ನೇತಾಡ್ತಿದೆ! ಫೂಲಮತಿ ವಾಸನೆಗೆ ಮೂಗು ಮುಚ್ಚಿಕೊಂಡು ಬೈತಿದ್ದಾಳೆ, ಒಲೆಗೆ ಗಾಳಿ ಹಾಕುವ ಬೀಸಣಿಗೆ ಮಾತ್ರ ಬಿಟ್ಟಿಲ್ಲ.

"ಟಿಕೇಟು?" ಅಂದೆ.

"ಮೀನು ಒಣಗದೆ ಎಲ್ಲಿಗೆ ಹೋಗೂದು? ಈ ಹೆಂಗಸಿಗೆ ತಿರುವಿ ಹಾಕೂಕೂ ಬರೂದಿಲ್ಲ."

ಆಮೇಲೆ ಅವಳು ಟಿಕೇಟಿನ ಸುದ್ದಿ ಎತ್ತಲೇ ಇಲ್ಲ. ನಾನು ರಿಟೈರಾಗಿ ಊರಿಗೆ ಹೊರಟಾಗ, ಫೂಲಮತಿಯನ್ನು ತಬ್ಬಿಕೊಂಡು ರೈಲು ತಪ್ಪಿಸಿದವಳು ಅವಳೇ.

ಈಗ ಗಂಗಿಯೂ ಇಲ್ಲ. ಈ ವಾಯ್ಸ್ ಮೆಸೇಜನ್ನ ನಿನ್ನ ಅತ್ತೆ ಗೋದಾವರಿಗೆ ಕಳಿಸು, ಅವರ್ಸಾ ಊರಲ್ಲಿರುವ ಅವಳ ಮಗಳು ಸುಮಲತಾಗೂ ಕಳಿಸು. ನಾ ಹೋದ ಮೇಲೂ ಫೂಲಮತಿ ಹೆಸರು ನಮ್ಮ ಮನೆಯಲ್ಲಿ ಯಾರಿಗಾದ್ರೂ ಗೊತ್ತಿರಲಿ.