ಎಂಟನೇ ನಟ್ಟು

ಮೇಸ್ತ್ರಿಗೂ ಅವನ ಅಕ್ಕನಿಗೂ ಮಾತು ನಿಂತು ಐದು ದಿನವಾಗಿತ್ತು. ಕಾರು ರಿಪೇರಿಯ ಒಂದೇ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಎದುರುಬದುರು ದುಡಿಯುವ ಇಬ್ಬರು ಮಾತು ಬಿಟ್ಟರೆ ಹೇಗಿರುತ್ತದೆ ಎಂದು ಕೇಳಬೇಡಿ. ಹನ್ನೆರಡನೇ ನಂಬರಿನ ಪಾನಾ ಬೇಕಾದರೆ ಅವನು ಗೋಡೆಯನ್ನು ಕೇಳುತ್ತಿದ್ದ. ಅಕ್ಕ ಅದನ್ನು ತಂದು ಬೆಂಚಿನ ಮೇಲೆ ಕುಕ್ಕಿ, ತಿರುಗಿಯೂ ನೋಡದೆ ಹೋಗುತ್ತಿದ್ದಳು.

ಜಗಳ ಹುಟ್ಟಿದ್ದು ಟೀಚರಮ್ಮನ ಕಾರಿನ ಕೆಲಸದ ನಡುವೆ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಓಡುವ ಹಳೇ ಸ್ಪೋರ್ಟ್ಸ್ ಕಾರು. ಮೂರು ಲಕ್ಷದ ಎಂಬತ್ತು ಸಾವಿರ ಕಿಲೋಮೀಟರ್ ಓಡಿ ಹೊಗೆ ಕಾರುತ್ತಿತ್ತು. ಇಪ್ಪತ್ತಾರು ವರ್ಷ ಆಕೆ ಅದರಲ್ಲೇ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಾರೆ ಅಂದುಕೊಂಡವರಿಗೆಲ್ಲ ಮಣ್ಣು ಮುಕ್ಕಿಸಿ, ಬೆಟ್ಟ ಹತ್ತುವ ರೇಸಿಗೆ ಹೆಸರು ಕೊಟ್ಟಿದ್ದರು. ಹಳೇ ಕಾರುಗಳನ್ನು ಆ ರೇಸಿಗೆ ಬಿಡುವುದು ಇದೇ ಕೊನೆಯ ವರ್ಷ. ಹಾಗಾಗಿ ಎಂಜಿನ್ನು ಪೂರ್ತಿ ಬಿಚ್ಚಿ, ಸಿಲಿಂಡರುಗಳನ್ನು ಕೊರೆಸಿ, ಹೊಸ ಪಿಸ್ಟನ್ನು, ಹೊಸ ಬೇರಿಂಗು ಹಾಕಿ, ನಿಮಿಷಕ್ಕೆ ಏಳು ಸಾವಿರ ಸುತ್ತು ತಿರುಗುವ ಹಾಗೆ ಮಾಡಿಕೊಡಬೇಕಿತ್ತು.

ಪಿಸ್ಟನ್ನುಗಳನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಸೇರಿಸಿ ಹಿಡಿಯುವುದು ನಾಲ್ಕು ರಾಡುಗಳು; ರಾಡಿಗೆ ಎರಡರಂತೆ ಎಂಟು ನಟ್ಟು. ಅವನ್ನು ಮೊದಲು ಸಾದಾ ಪಾನಾದಲ್ಲಿ ಕೂರಿಸಿ, ಕೊನೆಗೆ ಅಳತೆಯ ರೆಂಚಿನಲ್ಲಿ ಎಳೆಯಬೇಕು. ಬಿಗಿ ಸರಿಯಾದ ಕ್ಷಣಕ್ಕೆ ರೆಂಚು ಟಕ್ ಎನ್ನುತ್ತದೆ. ಆ ಶೆಡ್ಡಿನಲ್ಲಿ ಅಪ್ಪನ ಕಾಲದಿಂದಲೂ ಇದು ಇಬ್ಬರ ಕೆಲಸ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಟಕ್ ಕೇಳಿದ ಮೇಲೆ ನಟ್ಟಿನ ತಲೆಗೆ ಬಿಳಿ ಬಣ್ಣದ ಚುಕ್ಕೆ ಇಡಬೇಕು. ಚುಕ್ಕೆ ಇಲ್ಲದ ನಟ್ಟು ಆ ಬಾಗಿಲು ದಾಟುವುದಿಲ್ಲ.

ಅವತ್ತು ಆರು ನಟ್ಟು ಮುಗಿದಿತ್ತು. ಬೆಳಕಿಗೆ ಹಿಡಿದು, ಮೂಗಿಗೆ ತಾಗಿಸಿಕೊಂಡು ರೆಂಚಿನ ಮೇಲಿನ ಅಳತೆಯ ಗೆರೆ ನೋಡುತ್ತಿದ್ದ ತಮ್ಮನನ್ನು ಕಂಡು, ಕನ್ನಡಕ ಮಾಡಿಸಿಕೊಳ್ಳೋಕೆ ಏನು ಧಾಡಿ ಎಂದಳು ಅಕ್ಕ. ಗೆರೆ ಸರಿಯಾಗಿಯೇ ಇತ್ತು. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು. ಮುಂಗೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ. ನಿನ್ನ ಮೊಣಕಾಲು ಲಟಲಟ ಅಂದಾಗ ನಾನು ಏನಾದರೂ ಅಂದೆನಾ ಎಂದ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗಿ, ಸತ್ತ ಅಪ್ಪ ಯಾರನ್ನು ಹೆಚ್ಚು ನಂಬುತ್ತಿದ್ದ ಎಂಬಲ್ಲಿಗೆ ಮುಟ್ಟಿತು. ಅವನು ಕೈವಸ್ತ್ರ ಎಸೆದು ಹೊರಗೆ ಹೋದ. ಅರ್ಧ ಗಂಟೆ ರಸ್ತೆ ಸುತ್ತಿ ತಿರುಗಿ ಬಂದಾಗ ಅಕ್ಕ ಮನೆಗೆ ಹೋಗಿಯಾಗಿತ್ತು. ಎಂಟು ನಟ್ಟಿನ ಮೇಲೂ ಎಂಟು ಚುಕ್ಕೆ ಬೆಳ್ಳಗೆ ಕೂತಿದ್ದವು. ಅವನು ಎಂಜಿನ್ನಿನ ಅಡಿಗೆ ಆಯಿಲ್ ಚೇಂಬರ್ ಮುಚ್ಚಿ ಬಿಗಿದ.

ಈಗ ಬೆಳಿಗ್ಗೆ ಹತ್ತೂವರೆ. ಎಂಜಿನ್ನು ಕಾರಿನಲ್ಲಿ ಕೂತು ನಿನ್ನೆಯಿಂದ ಬೆಣ್ಣೆಯ ಹಾಗೆ ಓಡುತ್ತಿತ್ತು. ಟೀಚರಮ್ಮ ಸೀಟಿನಲ್ಲಿ ಕೂತು ಬೆಲ್ಟು ಹಾಕಿಯಾಗಿತ್ತು. ಸಂಜೆ ಐದರೊಳಗೆ ಬೆಟ್ಟದ ಬುಡದಲ್ಲಿ ಕಾರನ್ನು ತಪಾಸಣೆಗೆ ಒಪ್ಪಿಸಬೇಕು, ದಾರಿ ಒಂದೂವರೆ ಗಂಟೆಯದು. ನಾಳೆ ಬೆಳಿಗ್ಗೆ ರೇಸು.

ಒಳಗೆಲ್ಲ ಭದ್ರವಾಗಿದೆ ಅಂತ ಹೇಗೆ ನಂಬಲಿ ಎಂದು ಆಕೆ ಸುಮ್ಮನೆ ಕೆಣಕಿದರು. ಹೊಗಳಿಸಿಕೊಳ್ಳುವ ಆಸೆಗೆ ಬಿದ್ದ ಮೇಸ್ತ್ರಿ ಚುಕ್ಕೆಯ ಕಥೆ ಹೇಳತೊಡಗಿದ. ತಾನು ಎಳೆಯುವುದು, ಅಕ್ಕ ಟಕ್ ಕೇಳಿ ಗುರುತು ಹಾಕುವುದು, ಮೂವತ್ತು ವರ್ಷದಲ್ಲಿ ಒಂದು ಎಂಜಿನ್ನೂ ತಿರುಗಿ ಬಾರದೇ ಇದ್ದದ್ದು.

ಬೆಂಚಿನ ಹತ್ತಿರ ಏನೋ ಒರೆಸುತ್ತಿದ್ದ ಅಕ್ಕನ ಕೈ ನಿಂತಿತು.

"ಲೋ," ಎಂದಳು. ಐದು ದಿನದಲ್ಲಿ ಮೊದಲ ಮಾತು. "ಕೊನೆ ಎರಡನ್ನ ನೀನು ಎಳೆದಿದ್ದೆ ತಾನೇ?"

"ಚುಕ್ಕೆ ಇಟ್ಟವಳು ನೀನು. ನನ್ನ ಕೇಳ್ತೀಯಲ್ಲ?"

"ನಾನು ಸಿಟ್ಟಲ್ಲಿ ಇಟ್ಟೆ ಕಣೋ. ಎರಡಕ್ಕೂ ಬಳಿದು ಬ್ರಷ್ ಬಿಸಾಕಿ ಹೋದೆ. ನೀನು ಬಂದು ಎಳೀತೀಯ ಅಂತಲೇ ಅಂದ್ಕೊಂಡೆ."

ಮೇಸ್ತ್ರಿ ಅವತ್ತಿನದನ್ನು ಒಂದೊಂದಾಗಿ ನೆನೆದ. ಏಳನೆಯದಕ್ಕೆ ರೆಂಚು ಹಾಕಿದ್ದು ನೆನಪಿತ್ತು. ಟಕ್ ಎಂದಿದ್ದು ಅದಕ್ಕೋ ಆರನೆಯದಕ್ಕೋ? ಅಕ್ಕನ ಮಾತು, ತನ್ನ ಮಾತು ಒಂದೊಂದೂ ನೆನಪಿತ್ತು. ಕೈ ಏನು ಮಾಡುತ್ತಿತ್ತು ಎಂಬುದು ಮಾತ್ರ ಇಲ್ಲ. ಒಂದು ನಟ್ಟು ಸಡಿಲವಿದ್ದರೂ ಇಲ್ಲಿ ನಿಂತಲ್ಲೇ ಓಡುವಾಗ ಏನೂ ಆಗುವುದಿಲ್ಲ. ಏಳು ಸಾವಿರ ಸುತ್ತಿನಲ್ಲಿ, ಬೆಟ್ಟದ ತಿರುವಿನಲ್ಲಿ, ರಾಡು ಕಳಚಿ ಎಂಜಿನ್ನಿನ ಪಕ್ಕೆ ಒಡೆದು ಹೊರಬರುತ್ತದೆ. ಆಯಿಲು ಟೈರಿನ ಮೇಲೆ ಸುರಿಯುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಅವನು ಕಿಟಕಿಯೊಳಗೆ ಕೈ ಹಾಕಿ ಎಂಜಿನ್ನು ಆರಿಸಿ ಕೀ ಎಳೆದುಕೊಂಡ.

ಟೀಚರಮ್ಮ ಬೆಲ್ಟು ಬಿಚ್ಚದೆ ಕೂತರು. ನಲವತ್ತು ಮಕ್ಕಳ ಬಾಯಿ ಒಂದೇ ನೋಟಕ್ಕೆ ಮುಚ್ಚಿಸಿದ ಕಣ್ಣು ಅವು. ನಿಮ್ಮ ಮನೆ ಜಗಳಕ್ಕೆ ನನ್ನ ರೇಸು ಬಲಿಯೋ ಎಂದು ಕೇಳಿದರು. ಬಿಚ್ಚಿ ನೋಡಿ ಮುಚ್ಚಲು ನಾಲ್ಕು ಗಂಟೆ ಸಾಕು, ಐದಕ್ಕೆ ಮುಂಚೆ ತಲುಪುತ್ತೀರಿ ಎಂದು ಅವನು ಒರಟಾಗಿಯೇ ಹೇಳಿದ. ಆಕೆ ಗಡಿಯಾರ ನೋಡಿ ಇಳಿದರು.

ಗಾಲಿಯ ಹಲಗೆಯ ಮೇಲೆ ಮಲಗಿ ಕಾರಿನಡಿಗೆ ಸರಿದು ಬಿಸಿ ಆಯಿಲು ಇಳಿಸುವಾಗ ಅವನ ಮೊಣಕೈ ಸುಟ್ಟಿತು. ಅಡ್ಡ ಕಟ್ಟಿದ ಕಬ್ಬಿಣ ಕಳಚಬೇಕು, ಚೇಂಬರಿನ ಇಪ್ಪತ್ತು ಬೋಲ್ಟು ಬಿಚ್ಚಬೇಕು. ಕೈ ಆತುರಪಡುತ್ತಿತ್ತು, ಬೋಲ್ಟುಗಳು ಹಟ ಮಾಡುತ್ತಿದ್ದವು. ಅಕ್ಕ ಕೇಳುವ ಮೊದಲೇ ಪಾನಾ ಚಾಚುತ್ತಿದ್ದಳು. ಅವನು ಎರಡು ಸಲ ಅವಳನ್ನು ಬೈಯಲು ಬಾಯಿ ತೆರೆದು ಮುಚ್ಚಿಕೊಂಡ. ಹನ್ನೆರಡೂವರೆಗೆ ಚೇಂಬರ್ ಕೆಳಗಿಳಿಯಿತು. ಆಯಿಲಿನಲ್ಲಿ ಮಿಂದ ಎಂಟು ಚುಕ್ಕೆ ಮೇಲಿನಿಂದ ಅವನನ್ನು ನೋಡಿದವು. ಒಂದಕ್ಕೊಂದು ಏನೂ ವ್ಯತ್ಯಾಸವಿಲ್ಲ.

ಅವನು ಅಂಗಾತ ಮಲಗಿಯೇ ಅಳತೆಯ ರೆಂಚು ಹಾಕಿದ. ನಟ್ಟು ಬಿಗಿಯಾಗಿದ್ದರೆ ಅಲ್ಲಾಡದೆ ಟಕ್ ಎನ್ನಬೇಕು. ಒಂದನೆಯದು ಅಲ್ಲಾಡಲಿಲ್ಲ. ಟಕ್. ಹೊರಗೆ ನಿಂತ ಟೀಚರಮ್ಮ "ಒಂದು" ಎಂದರು, ಹಾಜರಿ ಕರೆಯುವ ಧ್ವನಿಯಲ್ಲಿ. ಅಕ್ಕ ಮುಂದೆ ನಿಂತು ಕ್ರ್ಯಾಂಕ್ ತಿರುಗಿಸಿ ಒಂದೊಂದೇ ರಾಡನ್ನು ಅವನ ಕೈಗೆ ತಂದಳು. ಎರಡು, ಮೂರು, ನಾಲ್ಕು. ಐದು. ಆರು. ಏಳನೆಯದಕ್ಕೆ ರೆಂಚು ಹಾಕಿದಾಗ ಅವನ ಹಣೆಯಿಂದ ಬೆವರು ಕಣ್ಣಿಗಿಳಿಯಿತು. ಎಳೆದ. ಟಕ್. ನಟ್ಟು ಮಿಸುಕಲಿಲ್ಲ. "ಏಳು" ಎಂದ ಟೀಚರಮ್ಮನ ಧ್ವನಿ ಸ್ವಲ್ಪ ಹಗುರವಾಗಿತ್ತು.

ಎಂಟನೆಯದನ್ನು ಎಳೆದ. ನಟ್ಟು ತಿರುಗಿತು.

ಸದ್ದಿಲ್ಲದೆ, ಸಲೀಸಾಗಿ, ಕಾಲು ಸುತ್ತಿಗೂ ಹೆಚ್ಚು ತಿರುಗಿತು. ಆಮೇಲೆ ಟಕ್ ಎಂದಿತು.

"ಎಂಟು," ಎಂದರು ಟೀಚರಮ್ಮ. "ಎಲ್ಲಾ ಸರಿ ಇದೆಯಲ್ಲ? ಮುಚ್ಚಿ ಬೇಗ."

ಹೊರಗಿದ್ದ ಇಬ್ಬರಿಗೂ ಕೇಳಿಸಿದ್ದು ಎಂಟು ಟಕ್. ತಿರುಗಿದ್ದು ಅವನ ಕೈಗಷ್ಟೇ ಗೊತ್ತು. ಈಗ ನಟ್ಟು ಬಿಗಿಯಾಗಿಯೂ ಇತ್ತು. ಬಾಯಿ ಮುಚ್ಚಿಕೊಂಡು ಚೇಂಬರ್ ಮುಚ್ಚಿದರೆ ಮೂರಕ್ಕೆ ಕಾರು ಹೊರಡುತ್ತದೆ. ಶೆಡ್ಡಿನ ಹೆಸರು ಉಳಿಯುತ್ತದೆ, ಅಕ್ಕನ ಮುಖವೂ ಉಳಿಯುತ್ತದೆ. ಬಹುಶಃ ಏನೂ ಆಗುವುದಿಲ್ಲ. ಆದರೆ ನಿನ್ನೆಯಿಂದ ಒಂದೇ ಬೋಲ್ಟಿನ ಮೇಲೆ ಭಾರ ಹೊತ್ತು ಬಡಿದಾಡಿದ ರಾಡು ಅದು. ಬೇರಿಂಗು ಜಜ್ಜಿಹೋಗಿದೆಯೋ, ಬೋಲ್ಟು ಒಂದೆಳೆ ಉದ್ದವಾಗಿದೆಯೋ, ಬಿಚ್ಚದೆ ಹೇಳುವ ಗಂಡು ಹುಟ್ಟಿಲ್ಲ. ಹೊಸ ಬೋಲ್ಟು ಬೇರೆ ಊರಿನಿಂದ ಬರಲು ಎರಡು ದಿನ ಬೇಕು. ಬಹುಶಃ ಎಂಬ ಮಾತನ್ನು ನಂಬಿ ಆಕೆ ಬೆಟ್ಟ ಹತ್ತಬೇಕು.

"ಯಾಕೋ ಸುಮ್ಮನಾದೆ?" ಅಕ್ಕ ಬಗ್ಗಿ ಕೇಳಿದಳು.

ಅವನು ಹಲಗೆ ಜಾರಿಸಿಕೊಂಡು ಹೊರಗೆ ಬಂದ. ಮಲಗಿದಲ್ಲಿಂದಲೇ ಹೇಳಿದ.

"ಎಂಟನೇದು ಸಡಿಲ ಇತ್ತು, ಟೀಚರ್. ಎಳೀಬೇಕಾಗಿದ್ದು ನಾನು. ಎಳೀಲಿಲ್ಲ. ನಾಳೆ ಗಾಡಿ ಹೋಗಲ್ಲ."

ಅಕ್ಕ ಬೆಂಚಿಗೆ ಒರಗಿ ನಿಂತಳು. ಚುಕ್ಕೆ ಇಟ್ಟಿದ್ದು ನಾನು ಎಂದು ಏನೋ ಹೇಳಹೊರಟಳು. ಅವನು ಕೈ ಎತ್ತಿ ಸಾಕು ಎಂದ.

ಟೀಚರಮ್ಮ ಚೀಲದಿಂದ ರೇಸಿನ ಕಾಗದ ತೆಗೆದು ಮೇಲಿಂದ ಕೆಳಗೆ ಓದಿದರು, ತಪ್ಪು ಹುಡುಕುವವರ ಹಾಗೆ. ಆಮೇಲೆ ಮಡಿಸಿದರು.

"ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಗೊತ್ತಾಗ್ತಿತ್ತು. ಬೆಟ್ಟದ ಹನ್ನೊಂದನೇ ತಿರುವಲ್ಲಿ."

ಆಕೆ ಬಾಗಿಲ ಹತ್ತಿರ ಹೋಗಿ ಫೋನು ಮಾಡಿ, ತನ್ನ ಹೆಸರು ತೆಗೆದುಹಾಕಲು ಹೇಳಿದರು. ಅಲ್ಲಿಂದ ಯಾರೋ ಕಾರಣ ಕೇಳಿರಬೇಕು. ಕಾರು ಇನ್ನೂ ತಯಾರಾಗಿಲ್ಲ ಎಂದಷ್ಟೇ ಹೇಳಿ ಇಟ್ಟರು. ತಿರುಗಿ ಬಂದು ಸ್ಟೂಲು ಎಳೆದುಕೊಂಡು ಎಂಜಿನ್ನಿನ ಎದುರಿಗೇ ಕೂತರು.

"ಬೋಲ್ಟು ಬಂದಾಗ ನನ್ನನ್ನ ಕರೀರಿ. ಬಿಗಿಯೋವಾಗ ನಾನಿಲ್ಲೇ ಕೂತಿರ್ತೀನಿ. ಇಬ್ಬರಲ್ಲಿ ಯಾರು ಬಾಯಿ ಬಿಟ್ಟರೂ ಹೊರಗೆ ನಿಲ್ಲಿಸ್ತೀನಿ."

ಮೇಸ್ತ್ರಿ ಆಗಲಿ ಎಂದ. ಮತ್ತೆ ಹಲಗೆಯ ಮೇಲೆ ಒರಗಿ ಕಾರಿನಡಿಗೆ ಸರಿದು, ಎಂಟನೇ ನಟ್ಟನ್ನು ಬಿಚ್ಚತೊಡಗಿದ. ಅಕ್ಕ ಕೆಳಗೆ ಕೂರಲು ಹೋದಾಗ ಅವಳ ಮೊಣಕಾಲು ಲಟ್ ಎಂದಿತು. ಅವನು ಏನೂ ಅನ್ನಲಿಲ್ಲ.